ಹುಲ್ಲಿಗೆ ನೆಲದೊಳಗಿಂದ ನೀರು



ಬೇಸಗೆಯಲ್ಲಿ ನೇಪಿಯರ್ ಹುಲ್ಲಿನ ಮಡಿಗೆ ನೀರು ಹಾಯಿಸುತ್ತೀರಿ. ಅದರಲ್ಲಿ ಬೇರು ಕುಡಿಯುವುದು ಒಂದು ಪಾಲು. ಬಿಸಿಲಿಗೆ ಒಂದು ಪಾಲು, ಕಳೆಗೆ ಮತ್ತೊಂದು. ಕೊಳವೆ ಬಾವಿ ಎರಡು ತಾಸಿಗೇ ಉಸ್ಸೆನ್ನುವ ಕಾಲದಲ್ಲಿ ಇಷ್ಟು ಮಂದಿ ಪಾಲುದಾರರನ್ನು ಸಾಕೋದು ಹೇಗೆ? ಹಸಿ ಮೇವು ತಪ್ಪಿದರೆ ಹಸು ಹಾಲೂ ಕಡಿಮೆ ಮಾಡುತ್ತದೆ.

ಇದಕ್ಕೊಂದು ಉಪಾಯವುಂಟು. ಹನಿ ನೀರಾವರಿಯ ಕೊಳವೆಯನ್ನೇ 15ರಿಂದ 20 ಸೆಂಟಿಮೀಟರ್, ಅಂದರೆ ಮುಕ್ಕಾಲು ಗೇಣಿನಷ್ಟು ಆಳದಲ್ಲಿ ಹೂಳುವುದು. ರಂಧ್ರಗಳಿಂದ ಜಿನುಗಿದ ನೀರನ್ನು ಮಣ್ಣು, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ, ಸುತ್ತಲೂ ಎಳೆದುಕೊಳ್ಳುತ್ತದೆ. ಮೇಲ್ಮಣ್ಣು ಒಣಗಿಯೇ ಇರುವುದರಿಂದ ಆವಿಯಾಗುವುದು ಕಡಿಮೆ, ಕಳೆ ಬೀಜ ಮೊಳೆಯುವುದೂ ಕಡಿಮೆ. ಪೇಟೆಯ ಆಟದ ಬಯಲಿನ ಹುಲ್ಲುಹಾಸಿಗೂ ಹೀಗೆ ನೀರುಣಿಸುವುದುಂಟು.

ವರ್ಷ ವರ್ಷ ಉಳುವ ಹೊಲಕ್ಕೆ ಇದು ತೊಡಕು. ನೇಗಿಲಿಗೆ ಕೊಳವೆ ಸಿಕ್ಕಿದರೆ ಮುಗಿದು ಹೋಯ್ತು! ನೇಪಿಯರ್ ಹಾಗಲ್ಲ. ಸಜ್ಜೆಯೊಡನೆ ಕೂಡಿಸಿ ಪಡೆದ ಈ ಮಿಶ್ರತಳಿ ಒಮ್ಮೆ ನೆಟ್ಟರೆ ಕೆಲವು ವರ್ಷ ನಿಲ್ಲುತ್ತದೆ. ಮೊದಲ ಕೊಯ್ಲು ಆದ ಮೇಲೆ ಸುಮಾರು 45 ದಿನಕ್ಕೊಮ್ಮೆ ಕೊಯ್ಯಬಹುದು.

ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ನೀರು ಪಕ್ಕಕ್ಕೆ ಹರಡುವುದಕ್ಕಿಂತ ಕೆಳಗಿಳಿಯುವುದೇ ಹೆಚ್ಚು. ಅಲ್ಲಿ ಸಾಲಿಗೊಂದು ಕೊಳವೆ ಬೇಕು. ಎರೆಮಣ್ಣಿನಲ್ಲಿ ಎರಡು ಸಾಲಿನ ನಡುವೆ ಒಂದು ಸಾಕಾದೀತು, ನೆಲ ಬಿರಿಯಲು ಮಾತ್ರ ಬಿಡಬೇಡಿ. ನೆಟ್ಟ ಹೊಸತರಲ್ಲಿ, ತುಂಡುಗಳು ಬೇರು ಬಿಡುವ ತನಕ, ಮೇಲಿನಿಂದಲೇ ನೀರು ಕೊಡಬೇಕು. ಒಳಗಿನ ತೇವ ಅವಕ್ಕೆ ಎಟುಕುವುದಿಲ್ಲ.

ಕಷ್ಟವೇ ಇಲ್ಲವೆ ಎಂದು ಕೇಳಬಹುದು. ಇದೆ. ಹೂತ ಕೊಳವೆ ಕಟ್ಟಿಕೊಂಡರೆ ನಮಗೆ ತಿಳಿಯುವುದು ಹುಲ್ಲು ಬಾಡಿದ ಮೇಲೆ. ಆದ್ದರಿಂದ ಪಂಪಿನ ಬಳಿ ಒಳ್ಳೆಯ ಫಿಲ್ಟರ್ ಬೇಕೇ ಬೇಕು, ಅದರಲ್ಲಿ ಜಿಪುಣತನ ಮಾಡಬೇಡಿ. ಪಂಪು ನಿಂತಾಗ ರಂಧ್ರಗಳು ಕೆಸರನ್ನು ಒಳಕ್ಕೆ ಹೀರುತ್ತವೆ. ಅದನ್ನು ತಡೆಯಲು ಎತ್ತರದ ಕಡೆ ಗಾಳಿ ವಾಲ್ವ್ ಇರಲಿ. ಸಾಲುಗಳ ತುದಿಯನ್ನು ನೆಲದ ಮೇಲಕ್ಕೆ ತಂದಿಟ್ಟು, ಆಗಾಗ್ಗೆ ಬಿಚ್ಚಿ ಕೊಳೆ ಹೊರಕ್ಕೆ ಬಿಡಿ. ನೆಲ ತೀರ ಒಣಗಿದರೆ ಬೇರುಗಳು ನೀರು ಹುಡುಕಿ ರಂಧ್ರದೊಳಕ್ಕೇ ನುಗ್ಗುತ್ತವೆ. ಅದಕ್ಕೇ ವಾರಕ್ಕೊಮ್ಮೆ ಒಟ್ಟಿಗೆ ಬಿಡುವುದಕ್ಕಿಂತ ದಿನಾ ಸ್ವಲ್ಪ ಸ್ವಲ್ಪ ಬಿಡುವುದು ಮೇಲು. ಇಲಿ ಹೆಗ್ಗಣಗಳ ಕಾಟ ಇದ್ದದ್ದೇ.

ನೀರಿನ ಮೀಟರ್ ಒಂದನ್ನು ಹಾಕಿಸಿಕೊಳ್ಳಿ. ಬಾವಿಯಲ್ಲಿ ನೀರಿದ್ದೂ ಹರಿವು ಇಳಿಯುತ್ತಾ ಬಂದರೆ ಎಲ್ಲೋ ಕಟ್ಟಿಕೊಂಡಿದೆ. ಇದ್ದಕ್ಕಿದ್ದ ಹಾಗೆ ಏರಿದರೆ ಎಲ್ಲೋ ಒಡೆದಿದೆ.

ಇಡೀ ಎಕರೆಗೆ ದುಡ್ಡು ಸುರಿಯುವ ಮೊದಲು ನಾಲ್ಕೇ ಸಾಲಿಗೆ ಹಾಕಿ ನೋಡಿ. ನೀರು ಬಿಟ್ಟ ಮರುದಿನ ಗುದ್ದಲಿಯಲ್ಲಿ ಅಗೆದು, ತೇವ ಎಲ್ಲಿಯ ತನಕ ಹೋಗಿದೆ ಅಂತ ಮಣ್ಣನ್ನು ಕೈಯಲ್ಲಿ ಹಿಡಿದೇ ನೋಡಿ.