ಶಾಂತಿವನಕ್ಕೆ ಬಂದ ತೊಗರಿ ವಿಜ್ಞಾನಿ

ಬೆಳಗಿನ ಪ್ರಾರ್ಥನೆಗೆ ಹಣೆಗೆ ಗಂಧ, ಮಧ್ಯಾಹ್ನ ಕುಂಕುಮ, ಸಂಜೆ ವಿಭೂತಿ. ಗರ್ಭಗುಡಿಯ ಮಬ್ಬಿನಲ್ಲಿ ಕರ್ಪೂರದಾರತಿ ಎತ್ತುವವರು ಕಾವಿ ಉಟ್ಟ ಬೆನೆಡಿಕ್ಟೈನ್ ಪಂಥದ ಕ್ಯಾಥೊಲಿಕ್ ಸನ್ಯಾಸಿಗಳು. ತಮಿಳುನಾಡಿನ ಕುಳಿತ್ತಲೈ ಹತ್ತಿರ, ನಮ್ಮ ಕೊಡಗಿನ ಕಾವೇರಿ ಅಗಲವಾಗಿ ಹರಿಯುವ ಕಡೆ ಇರುವ ಶಾಂತಿವನ ಆಶ್ರಮಕ್ಕೆ ಹೋಗಿಬಂದಾಗಿನಿಂದ ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದೇನೆ. ಮೂರು ಮುಖದ ತ್ರಿಯೇಕ ದೇವರನ್ನು ಹೊತ್ತ ಗೋಪುರ ಸೊಗಸೇ. ಅದಕ್ಕಿಂತ ಮನಸ್ಸು ಹಿಡಿದದ್ದು, ಅಲ್ಲಿದ್ದಷ್ಟು ಹೊತ್ತೂ ಯಾರೂ ನನ್ನ ಮತ ಕೇಳಲಿಲ್ಲ, ಹೊರಟಾಗ ತಡೆಯಲಿಲ್ಲ.

ಆಶ್ರಮ ಶುರುವಾದದ್ದು 1950ರಲ್ಲಿ. ಕಟ್ಟಿದ ಇಬ್ಬರು ಫ್ರೆಂಚರಲ್ಲಿ ಜೂಲ್ ಮೊಂಶನಾಂ 1957ರಲ್ಲಿ ತೀರಿಕೊಂಡರು; ಇನ್ನೊಬ್ಬರಾದ ಅಭಿಷಿಕ್ತಾನಂದರು ಕೊನೆಗೆ ಹಿಮಾಲಯದ ದಾರಿ ಹಿಡಿದರು. 1968ರಲ್ಲಿ ಹೊಣೆ ಹೊತ್ತವರು ಇಂಗ್ಲೆಂಡಿನ ಬೀಡ್ ಗ್ರಿಫಿತ್ಸ್. 1955ರಲ್ಲಿ ಭಾರತಕ್ಕೆ ಬಂದ ಅವರು ಮೊದಲು ಮಠ ಕಟ್ಟಲು ನೋಡಿದ್ದು ನಮ್ಮ ಕೆಂಗೇರಿಯಲ್ಲಿ! ಅದು ಕೈಗೂಡದೆ ಕೇರಳದ ಕುರಿಸುಮಲೆಗೆ ಹೋಗಿದ್ದರು. ಎಪ್ಪತ್ತರ ದಶಕದಲ್ಲಿ, ಚರ್ಚಿನಿಂದ ದೂರ ಸರಿದು ಅಲೆಯುತ್ತಿದ್ದ ಪಶ್ಚಿಮದ ತರುಣರು ಅವರನ್ನು ಹುಡುಕಿ ಬರತೊಡಗಿದರು.

ಅವರಲ್ಲಿ ರೂಪರ್ಟ್ ಶೆಲ್ಡ್ರೇಕ್ ಕಥೆ ಎಷ್ಟು ಓದಿದರೂ ನನಗೆ ಸಾಲದು. ಕೇಂಬ್ರಿಜ್‌ನಿಂದ ಬಂದ ಸಸ್ಯವಿಜ್ಞಾನಿ. 1974ರಿಂದ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಅವರ ಕೆಲಸ ತೊಗರಿ, ಕಡಲೆ ಗಿಡಗಳ ಮೇಲೆ. ಕಲಬುರಗಿಯ ರೈತನಿಗೆ ಬೇಕಾದ ವಿದ್ಯೆ ಅದು. ಒಮ್ಮೆ ನಾಸ್ತಿಕರಾಗಿದ್ದವರು ಯೋಗ, ಧ್ಯಾನ, ಸೂಫಿ ಸಾಧನೆಗಳನ್ನೆಲ್ಲ ಹಾದು ಶಾಂತಿವನಕ್ಕೆ ಬಂದು ಸುಮಾರು ಒಂದೂವರೆ ವರ್ಷ ಇದ್ದರು. ಅಲ್ಲೇ ಕೂತು ಬರೆದ ‘ಎ ನ್ಯೂ ಸೈನ್ಸ್ ಆಫ್ ಲೈಫ್’ 1981ರಲ್ಲಿ ಹೊರಬಂದಾಗ ‘ನೇಚರ್’ ವಿಜ್ಞಾನ ಪತ್ರಿಕೆಯ ಸಂಪಾದಕ ಜಾನ್ ಮ್ಯಾಡಕ್ಸ್, ಇದು ಸುಡಬೇಕಾದ ಪುಸ್ತಕವೇ ಎಂದು ಕೇಳಿದರು. ಅದರ ಸಿದ್ಧಾಂತವನ್ನು ನಾನೂ ಒಪ್ಪಲಾರೆ. ಆದರೆ ಕ್ಯಾಥೊಲಿಕ್ ಗುರುವಿನ ಮನೆಯಲ್ಲಿ ಅಷ್ಟು ಕಾಲ ಉಂಡು ಬರೆದ ಈ ಮನುಷ್ಯ ನೆಲೆ ಕಂಡುಕೊಂಡದ್ದು ಆಂಗ್ಲಿಕನ್ ಚರ್ಚಿನಲ್ಲಿ. ನನಗೆ ಇದೇ ದೊಡ್ಡ ಸಂಗತಿ.

ಎಲ್ಲರಿಗೂ ಹಾಗೆ ಕಾಣಲಿಲ್ಲ. ಹಿಂದೂ ಲೇಖಕ ಸೀತಾರಾಮ ಗೋಯಲ್ 1988ರ ‘ಕ್ಯಾಥೊಲಿಕ್ ಆಶ್ರಮ್ಸ್’ ಪುಸ್ತಕದಲ್ಲಿ ಇಂಥ ಆಶ್ರಮಗಳನ್ನು ಮತಾಂತರದ ಹೊಸ ವೇಷವೆಂದು ಖಂಡಿಸಿದರು. ಅತ್ತ ಕೆಲವು ಕ್ಯಾಥೊಲಿಕರಿಗೆ ಈ ಆಶ್ರಮಗಳ ರೀತಿ ಅತಿಯಾಗಿ ಹಿಂದೂ ಎನಿಸಿತು. ಗೋಯಲ್ ಅನುಮಾನವನ್ನು ತಳ್ಳಿಹಾಕಲಾರೆ. ಕಾವಿ ಗಾಳವಾದರೆ ಅದು ಮೋಸವೇ. ಗಾಳವೋ ಅಲ್ಲವೋ ಎಂದು ಅಳೆಯಬೇಕಾದ್ದು ಬಂದವರು ಎಷ್ಟು ನಿರಾಳವಾಗಿ ಹೊರಟುಹೋಗಬಹುದು ಎಂಬುದರಿಂದ.

ಈ ಸನ್ಯಾಸಿಗಳು ಪಾಲಿಸುವ, 6ನೇ ಶತಮಾನದ ಸಂತ ಬೆನೆಡಿಕ್ಟನ ಮಠನಿಯಮದ 53ನೇ ಅಧ್ಯಾಯ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಲು ಹೇಳುತ್ತದೆ. 58ನೆಯದು, ಸನ್ಯಾಸ ಬೇಡಿ ಬಂದವನನ್ನು ಸುಲಭಕ್ಕೆ ಸೇರಿಸಬೇಡಿ, ನಾಲ್ಕೈದು ದಿನ ಬಾಗಿಲು ತಟ್ಟಲಿ ಎನ್ನುತ್ತದೆ. ಇಂದಿನ ಎಷ್ಟೋ ಚರ್ಚುಗಳು ಈ ಕ್ರಮವನ್ನು ತಿರುವುಮುರುವು ಮಾಡಿಕೊಂಡು, ಬಂದವರನ್ನು ಸೇರಿಸಿಕೊಳ್ಳಲು ಅವಸರಪಡುತ್ತಿವೆ. ಷಿಕಾಗೊ ಬಳಿಯ ವಿಲೋ ಕ್ರೀಕ್ ಚರ್ಚ್ 1975ರಿಂದ ದೇವರ ಅನ್ವೇಷಣೆಯಲ್ಲಿದ್ದವರಿಗೆಂದೇ ಸಂಗೀತ, ನಾಟಕ ಹೊಂದಿಸಿ ಸಾವಿರಾರು ಮಂದಿಯನ್ನು ಸೇರಿಸಿತು. ಆದರೆ ಕಾರ್ಯಕ್ರಮಗಳಲ್ಲಿ ತೊಡಗಿದ ಮಾತ್ರಕ್ಕೆ ಜನರ ಭಕ್ತಿ ಬೆಳೆಯುವುದಿಲ್ಲವೆಂದು 2007ರಲ್ಲಿ ತನ್ನದೇ ಸಮೀಕ್ಷೆಯಿಂದ ಅರಿತಿತು.

ಹಾಗೆ ಅರಸಿ ಬರುವವರು ನಮ್ಮಲ್ಲೂ ಇದ್ದಾರೆ. ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಎಲ್ಲ ಮತದವರೂ ಬರುತ್ತಾರೆ. ಅವರನ್ನು ಸದಸ್ಯರಾಗಿಸುವ ಯೋಜನೆ ಯಾರೂ ಹಾಕದಿರಲಿ. ಪ್ರಾರ್ಥನೆ ಮುಗಿದ ಮೇಲೂ ಏನೋ ಕೇಳಬೇಕೆಂದು ನಿಂತವರ ಜೊತೆ ಕೂರಲು ಒಬ್ಬ ಪಾದ್ರಿಗಾದರೂ ಬಿಡುವಿರಲಿ.