ಕಾರಿಗೆ ರಬ್ಬರ್ ಕೋಟಿಂಗ್: ಸುಲಿಯುವ ದಿನವನ್ನೂ ಯೋಚಿಸಿ

ಪ್ಲಾಸ್ಟಿ ಡಿಪ್‌ನಂಥ ರಬ್ಬರ್ ಕೋಟಿಂಗನ್ನು ಪೇಂಟಿನ ಮೇಲೆಯೇ ಸ್ಪ್ರೇ ಮಾಡ್ತಾರೆ. ಬೇಡವಾದಾಗ ಸಿಪ್ಪೆಯಂತೆ ಸುಲಿಯಬಹುದು, ಒಳಗಿನ ಕಂಪೆನಿ ಪೇಂಟಿಗೆ ಏನೂ ಆಗುವುದಿಲ್ಲ. ನಮ್ಮ ಹುಡುಗರಿಗೆ ಮ್ಯಾಟ್ ಕಪ್ಪಿನ ಹುಚ್ಚು ಬೇರೆ!

ಆದರೆ ಹಣ ಉಳಿಸ್ಲಿಕ್ಕೆ ಎರಡೇ ಕೋಟ್ ಹೊಡೆಸಿದರೆ ಕೆಟ್ಟಿರಿ. ತೆಳು ಪದರ ಹಾಳೆಯಾಗಿ ಏಳುವುದಿಲ್ಲ, ಚೂರುಚೂರಾಗಿ ಉಗುರಲ್ಲಿ ಕೆರೆಯಬೇಕು. ನನ್ನ ಹಳೇ ಕಾರಿನ ಬಾನೆಟಿಗೆ ಹೀಗೇ ಮಾಡಿ ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ. ಕನಿಷ್ಠ ನಾಲ್ಕೈದು ಕೋಟ್ ಬೇಕು. ಪೆಟ್ರೋಲ್ ಚೆಲ್ಲಿದರೆ ಕರಗುತ್ತದೆ, ಟ್ಯಾಂಕ್ ಮುಚ್ಚಳದ ಹತ್ತಿರ ಜಾಗ್ರತೆ. ವಾಟರ್ ಸರ್ವಿಸಿನ ಪ್ರೆಶರಿಗೆ ಅಂಚು ಏಳುತ್ತದೆ.

ವೀಲ್, ಗ್ರಿಲ್‌ಗೆ ಮಾತ್ರ ಸಾಕು ಅಂತ ನನ್ನ ಅಭಿಪ್ರಾಯ. ಇಡೀ ಕಾರಿನ ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು. ಬಿಳಿ ಎಂದಿರುವ ಆರ್‌ಸಿ ಇಟ್ಕೊಂಡು ಕಪ್ಪು ಕಾರಲ್ಲಿ ತಲಪಾಡಿ ದಾಟುವಾಗ ಪೊಲೀಸರು ಕೈ ತೋರಿಸಿದರೆ, "ಸುಲಿದು ತೋರಿಸ್ತೇನೆ ಸಾರ್" ಅಂತ ಹೇಳ್ಲಿಕ್ಕೆ ಆಗುವುದಿಲ್ಲ.