ಭೋಪಾಲದ ವಿಷ ಬರೆಸಿದ ಕಾಯ್ದೆ

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಸಂಖ್ಯೆಯ ಟ್ಯಾಂಕಿಗೆ ನೀರು ನುಗ್ಗಿತು. ಒಳಗಿದ್ದದ್ದು ಕೀಟನಾಶಕ ತಯಾರಿಕೆಗೆ ಬಳಸುವ ಮೀಥೈಲ್ ಐಸೊಸಯನೇಟ್. ಅದನ್ನು ತಣ್ಣಗಿಡಬೇಕಿದ್ದ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರವೂ ಕೆಲಸ ಮಾಡುತ್ತಿರಲಿಲ್ಲ. ಸುಮಾರು 40 ಟನ್ ವಿಷ ಮಲಗಿದ್ದ ಬಸ್ತಿಗಳ ಮೇಲೆ ಹರಡಿತು. ಸತ್ತವರ ಸಂಖ್ಯೆ ಸರ್ಕಾರಿ ಲೆಕ್ಕದಲ್ಲೇ 5,000 ದಾಟಿದೆ.

ದೇಶದಲ್ಲಿ ಆಗ ಕಾನೂನೇ ಇರಲಿಲ್ಲವೆ? ಇತ್ತು. ಜಲಮಾಲಿನ್ಯ ತಡೆಗೆ 1974ರಲ್ಲಿ, ವಾಯುಮಾಲಿನ್ಯ ತಡೆಗೆ 1981ರಲ್ಲಿ ಕಾಯ್ದೆಗಳು ಬಂದಿದ್ದವು. ಆದರೆ ಅಪಾಯಕಾರಿ ರಾಸಾಯನಿಕಗಳನ್ನು ಹಿಡಿತದಲ್ಲಿಡುವ ಸಮಗ್ರ ಕಾನೂನು ಇರಲಿಲ್ಲ. ಸಾವಿರಾರು ಜೀವಗಳು ಹೋದ ಮೇಲೆ, 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ನಿಯಮ ಮೀರಿದ ಕಾರ್ಖಾನೆಯನ್ನು ಮುಚ್ಚಿಸುವ, ವಿದ್ಯುತ್ತು ನೀರು ಕಡಿತಗೊಳಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಸಿಕ್ಕಿತು.

ಅದೇ ವರ್ಷ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದೆಹಲಿಯ ಶ್ರೀರಾಮ್ ಕಾರ್ಖಾನೆಯ ಓಲಿಯಂ ಸೋರಿಕೆ ಪ್ರಕರಣದಲ್ಲಿ, ಅಪಾಯಕಾರಿ ಉದ್ದಿಮೆ ನಡೆಸುವವರು ಯಾವ ನೆಪವನ್ನೂ ಹೇಳದೆ ಹಾನಿಯನ್ನು ಭರಿಸಬೇಕು ಎಂದಿತು. ಭಾರತದ ನ್ಯಾಯಶಾಸ್ತ್ರಕ್ಕೆ ಇದು ಹೆಮ್ಮೆಯ ತೀರ್ಪು.

ಭೋಪಾಲದವರಿಗೆ ಮಾತ್ರ ಅದರ ಫಲ ದಕ್ಕಲಿಲ್ಲ. 1989ರಲ್ಲಿ 47 ಕೋಟಿ ಡಾಲರ್‌ಗೆ ರಾಜಿಯಾಯಿತು. ಬದುಕಿಡೀ ಕೆಮ್ಮುತ್ತ, ಕಣ್ಣು ಕಳೆದುಕೊಂಡು ನರಳಿದವರಿಗೆ ಅದು ನ್ಯಾಯವಲ್ಲ. 2010ರಲ್ಲಿ ಏಳು ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷದ ಸಜೆಯಾಯಿತು. ಅಂದೇ ಜಾಮೀನೂ ಸಿಕ್ಕಿತು. ಕಾರ್ಖಾನೆಯಲ್ಲಿ ಉಳಿದಿದ್ದ ಸುಮಾರು 337 ಟನ್ ವಿಷತ್ಯಾಜ್ಯವನ್ನು ಸುಡಲೆಂದು ಪೀಥಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ.